ರೋಬೋಟ್ರೆಕ್ ಕಾರ್ಟ್ರಿಜ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಹೋದ ತಿಂಗಳು ಗೆಳೆಯನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಗುರು, ನನ್ನ ಮೂರೂ ರೋಬೋ ಹೋದ್ವು ಕಣೋ" ಅಂದ. ಧ್ವನಿ ಕೇಳಿದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅನ್ನಬೇಕು, ಹಾಗಿತ್ತು. ಆಗಿದ್ದಿಷ್ಟೇ: ಇಪ್ಪತ್ತು ಗಂಟೆ ಆಡಿ ಸೇವ್ ಮಾಡಿಟ್ಟ 'ರೋಬೋಟ್ರೆಕ್' ವಿಡಿಯೋ ಆಟ ಮರುದಿನ ಹಚ್ಚಿದಾಗ ಇರಲಿಲ್ಲ. ಅವನನ್ನು ಸಮಾಧಾನ ಮಾಡುತ್ತಾ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಓರಣವಾಗಿ ಬರೆಯುತ್ತಿದ್ದೇನೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಜಪಾನಿನ ಕ್ವಿಂಟೆಟ್ ಮತ್ತು ಏನ್ಶಂಟ್ ಕಂಪನಿಗಳು ಸೇರಿ ಮಾಡಿದ ಈ ಆಟವನ್ನು ಎನಿಕ್ಸ್ 1994ರಲ್ಲಿ ಸೂಪರ್ ನಿಂಟೆಂಡೊ ಅನ್ನುವ ಕನ್ಸೋಲ್‌ಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಕ್ಕೆ, ಹೊರತಂದಿತು. ಜಪಾನಿನಲ್ಲಿ ಹೆಸರು 'ಸ್ಲ್ಯಾಪ್‌ಸ್ಟಿಕ್', ಅಮೆರಿಕದಲ್ಲಿ 'ರೋಬೋಟ್ರೆಕ್'. ಕಥೆ ನಡೆಯುವ ಗ್ರಹದ ಹೆಸರು ಕ್ವಿಂಟೆನಿಕ್ಸ್. ಕ್ವಿಂಟೆಟ್, ಎನಿಕ್ಸ್ ಎರಡೂ ಹೆಸರು ಅಂಟಿಸಿ ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಾಯಕ ರೊಕೊಕೊ ಊರಿನ ಹುಡುಗ, ಡಾಕ್ಟರ್ ಅಕಿಹಬರನ ಮಗ. ಅಕಿಹಬರ ಅಂದರೆ ಟೋಕಿಯೋದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ. ನಮ್ಮಲ್ಲಾಗಿದ್ದರೆ 'ಡಾಕ್ಟರ್ ಎಸ್‌ಪಿ ರೋಡ್' ಅಂತ ಇಡುತ್ತಿದ್ದರೇನೋ. ಹುಡುಗ ತಾನು ಕೈಯೆತ್ತುವುದಿಲ್ಲ. ಗುಜರಿ ಆಯ್ದು, ರೋಬೋ ಕಟ್ಟಿ, ಅದರಿಂದ ಹೊಡೆದಾಡಿಸುತ್ತಾನೆ. ಅದೇ ಶರತ್ಕಾಲದಲ್ಲಿ ಅಮೆರಿಕದ ಅಂಗಡಿಗಳಿಗೆ 'ಫೈನಲ್ ಫ್ಯಾಂಟಸಿ'ಯ ಹೊಸ ಭಾಗ ಬಂತು, ಹಿಂದೆಯೇ 'ಡಾಂಕಿ ಕಾಂಗ್ ಕಂಟ್ರಿ' ಬಂತು. ಆ ಗದ್ದಲದಲ್ಲಿ ಇದನ್ನು ಕೇಳುವವರು ಕಡಿಮೆಯಾದರು.

ಆಟ ಇರುವುದು ಕನ್ಸೋಲ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅದೇ ಕಾರ್ಟ್ರಿಜ್. ಈಗ ಕೈಗೆ ಸಿಗುವ ಪ್ರತಿ ಕಾರ್ಟ್ರಿಜ್‌ಗೂ ಮೂವತ್ತು ವರ್ಷ ದಾಟಿದೆ. ಏನೇ ಕೆಟ್ಟರೂ ಜನ ಮೊದಲು ಹೇಳುವುದು "ಚಿಪ್ ಹೋಗಿದೆ" ಅಂತ. ನನ್ನ ಅನುಭವದಲ್ಲಿ ಚಿಪ್ ಹೋಗುವುದು ಕೊನೆಗೆ. ಅದಕ್ಕಿಂತ ಮೊದಲು ಹೋಗುವಂಥವು ಬೇಕಾದಷ್ಟಿವೆ.

ಕನ್ಸೋಲ್‌ನ ಕೆಂಪು ದೀಪವೇ ಹತ್ತುತ್ತಿಲ್ಲ

ಕಾರ್ಟ್ರಿಜ್ ತೆಗೆದು ಪಕ್ಕಕ್ಕಿಡಿ. ಅದಿಲ್ಲದೆಯೂ ದೀಪ ಹತ್ತಬೇಕು. ಹತ್ತದಿದ್ದರೆ ರೋಬೋಟ್ರೆಕ್ ನಿರಪರಾಧಿ, ತೊಂದರೆ ವಿದ್ಯುತ್ತಿನದು.

ಭಾರತದಲ್ಲಿ ಕೂತು ಆಡುವವರು ಅಡಾಪ್ಟರ್ ಮೇಲೆ ಬರೆದದ್ದನ್ನು ಮೊದಲು ಓದಬೇಕು. ಅಮೆರಿಕದ ಅಡಾಪ್ಟರ್ 120 ವೋಲ್ಟಿನದು, ಜಪಾನಿನದು 100 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ನಮ್ಮ ಭಾವ ನ್ಯೂಜೆರ್ಸಿಯಿಂದ ಕನ್ಸೋಲ್ ತಂದುಕೊಟ್ಟ ದಿನ, ಮೈಸೂರಿನ ಮನೆಯಲ್ಲಿ, ನಾನು ಒಂದು ಪಿನ್ ಕನ್ವರ್ಟರ್ ಸಿಕ್ಕಿಸಿ ನೇರವಾಗಿ ಗೋಡೆಗೆ ಚುಚ್ಚಿದೆ. ಭಾವ ಇನ್ನೂ ಕಾಫಿ ಲೋಟ ಕೆಳಗಿಟ್ಟಿರಲಿಲ್ಲ, ಸುಟ್ಟ ವಾರ್ನಿಷ್ ವಾಸನೆ ಹಾಲ್ ತುಂಬಿತು. ಪಿನ್ ಕನ್ವರ್ಟರ್ ಬದಲಿಸುವುದು ಪಿನ್ನಿನ ಆಕಾರ ಮಾತ್ರ, ವೋಲ್ಟೇಜ್ ಅಲ್ಲ. ಅವತ್ತು ಹೋದದ್ದು ಅಡಾಪ್ಟರ್ ಮಾತ್ರ, ಕನ್ಸೋಲ್ ಉಳಿಯಿತು. ಅದು ನನ್ನ ಜಾಣತನ ಅಲ್ಲ, ಪುಣ್ಯ.

ಬೇಕಾದದ್ದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, 230ರಿಂದ 110ಕ್ಕೆ ಇಳಿಸುವಂಥದ್ದು. ಸಾಮರ್ಥ್ಯ 100 ವಿಎ (ವೋಲ್ಟ್-ಆಂಪಿಯರ್) ಇದ್ದರೆ ಧಾರಾಳವಾಯಿತು. ಹೇರ್ ಡ್ರೈಯರ್‌ಗೆ ಅಂತ ಮಾರುವ ಹಗುರ 'ಟ್ರಾವೆಲ್ ಕನ್ವರ್ಟರ್' ಬೇಡ. ಒಳಗೆ ತಾಮ್ರದ ಸುರುಳಿ ಇರುವ ಟ್ರಾನ್ಸ್‌ಫಾರ್ಮರ್ ಕೈಗೆ ಭಾರವಾಗಿರುತ್ತದೆ, ಅದೇ ಗುರುತು.

ಇನ್ನೊಂದು ಬಲೆ ಇದೆ. ಅಮೆರಿಕ ಮತ್ತು ಜಪಾನಿನ ಕನ್ಸೋಲ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ. ನಿಂಟೆಂಡೊದ ಇದಕ್ಕಿಂತ ಹಳೆಯ ಕನ್ಸೋಲ್ ಎನ್ಇಎಸ್‌ನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಸೂಪರ್ ಫ್ಯಾಮಿಕಾಮ್‌ನ (ಸೂಪರ್ ನಿಂಟೆಂಡೊಗೆ ಜಪಾನಿನಲ್ಲಿ ಇದೇ ಹೆಸರು) ಗುಂಡಗಿನ ಸಾಕೆಟ್‌ಗೆ ಆ ಎನ್ಇಎಸ್ ಪ್ಲಗ್ ಹಾಯಾಗಿ ಹೋಗಿ ಕೂರುತ್ತದೆ. ಕೂತಿತು ಅಂತ ಸ್ವಿಚ್ ಒತ್ತಿದರೆ ಒಳಗಿನದು ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಯಾವುದೋ ಡಿಸಿ ಅಡಾಪ್ಟರ್ ಹಾಕುವುದಾದರೂ ಪ್ಲಸ್, ಮೈನಸ್ ನೋಡಿ: ಸೂಪರ್ ಫ್ಯಾಮಿಕಾಮ್‌ನಲ್ಲಿ ನಡುವಿನ ಕಡ್ಡಿ ಮೈನಸ್.

ಮಲ್ಟಿಮೀಟರ್ ಇದ್ದರೆ ಅಡಾಪ್ಟರ್‌ನ ತುದಿಯಲ್ಲಿ ಅಳೆಯಿರಿ. ಕನ್ಸೋಲ್ ಸಿಕ್ಕಿಸದೆ ಅಳೆದಾಗ ಹಳೆಯ ಅಡಾಪ್ಟರ್ 10ಕ್ಕಿಂತ ಹೆಚ್ಚು ತೋರಿಸಿದರೆ ಗಾಬರಿ ಬೇಡ, ಅದರ ಜಾಯಮಾನವೇ ಹಾಗೆ. ಸೊನ್ನೆ ತೋರಿಸಿದರೆ ಅಡಾಪ್ಟರ್ ಸತ್ತಿದೆ. ಅಡಾಪ್ಟರ್ ಸರಿಯಿದ್ದೂ ದೀಪ ಇಲ್ಲ ಅಂದರೆ ಕನ್ಸೋಲ್ ಒಳಗಿನ ಫ್ಯೂಸ್ ಅಥವಾ 5 ವೋಲ್ಟಿನ ರೆಗ್ಯುಲೇಟರ್ ಮೇಲೆ ಅನುಮಾನ. ಬೆಸುಗೆ ಹಾಕಿ ರೂಢಿ ಇಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ರಿಪೇರಿಯವರಿಗೆ ಕೊಡಿ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿ ನೋಡುವ ಹಳ್ಳಿ ವಿದ್ಯೆ ಮಾತ್ರ ಬೇಡವೇ ಬೇಡ.

ದೀಪ ಹತ್ತುತ್ತದೆ, ಪರದೆ ಪೂರ್ತಿ ಕಪ್ಪು

ದೂರುಗಳಲ್ಲಿ ಇದೇ ಜಾಸ್ತಿ. ಪರಿಹಾರಕ್ಕೆ ಖರ್ಚೂ ಇದಕ್ಕೇ ಕಡಿಮೆ.

ಕನ್ಸೋಲ್ ಒಳಗೊಂದು, ಕಾರ್ಟ್ರಿಜ್ ಒಳಗೊಂದು ಬೀಗದ ಚಿಪ್ ಇವೆ. ಶುರುವಿನಲ್ಲಿ ಅವೆರಡೂ ಒಂದನ್ನೊಂದು ಗುರುತು ಹಿಡಿಯಬೇಕು. ಹಿಡಿಯದಿದ್ದರೆ ಕನ್ಸೋಲ್ ಆಟವನ್ನು ಶುರುಮಾಡಲು ಬಿಡುವುದೇ ಇಲ್ಲ. ದೀಪ ಉರಿಯುತ್ತಿರುತ್ತದೆ, ಪರದೆ ಕಪ್ಪಗಿರುತ್ತದೆ. ಒಂದೇ ಒಂದು ಪಿನ್ನಿನ ಮೇಲೆ ಜಿಡ್ಡು ಕೂತಿದ್ದರೂ ಇಷ್ಟಾಗುತ್ತದೆ.

ಹಾಗಾಗಿ ಮೊದಲು ಸ್ವಿಚ್ ಆಫ್ ಮಾಡಿ, ಕಾರ್ಟ್ರಿಜ್ ತೆಗೆದು ಮತ್ತೆ ನೆಟ್ಟಗೆ ಕೂರಿಸಿ. ನಾಲ್ಕೈದು ಸಲ ಹಾಕಿ ತೆಗೆಯಿರಿ, ಆ ಉಜ್ಜುವಿಕೆಗೇ ಎಷ್ಟೋ ಸಲ ಸರಿಹೋಗುತ್ತದೆ. ದೀಪ ಉರಿಯುತ್ತಿರುವಾಗ ಮಾತ್ರ ಎಂದೂ ಎಳೆಯಬೇಡಿ. ಸೇವ್ ಆದದ್ದು ಕಲಸಿಹೋಗಬಹುದು.

ಊದಬೇಡಿ. ಹಳದಿ ಕಾರ್ಟ್ರಿಜ್ ಟಿವಿ ಗೇಮ್ ಕಾಲದಿಂದ ನಮ್ಮೆಲ್ಲರ ಬಾಯಿಗೆ ಅಂಟಿದ ಚಾಳಿ ಅದು, ನನಗೂ ಬಿಡಲು ವರ್ಷಗಳೇ ಬೇಕಾದವು. ಉಸಿರಿನ ತೇವ ತಾಮ್ರದ ಮೇಲೆ ಕೂತು ಕಿಲುಬು ಹಿಡಿಸುತ್ತದೆ. ಊದಿದಾಗ ಸರಿಹೋಗುವುದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ.

ಎರಡನೆಯದು ಒರೆಸುವುದು. ಇಯರ್ ಬಡ್‌ಗೆ 90 ಶೇಕಡಾಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ, ಹಿಂಡಿ, ಪಿನ್ನುಗಳ ಎರಡೂ ಬದಿ ಉಜ್ಜಿ. ಹತ್ತಿ ಕಪ್ಪಾಗುತ್ತಲೇ ಇರುತ್ತದೆ. ಬೆಳ್ಳಗೆ ಬರುವವರೆಗೆ ಬಡ್ ಬದಲಿಸಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಬೇಡ, ಇದು ಬೇಗ ಹೊತ್ತಿಕೊಳ್ಳುವ ದ್ರವ. ಪೂರ್ತಿ ಆರಿದ ಮೇಲೇ ಕನ್ಸೋಲ್‌ಗೆ ಹಾಕಿ. ಮರಳು ಕಾಗದ, ಬ್ರಾಸೊ, ಉಗುರುಬಣ್ಣ ತೆಗೆಯುವ ನೀರು ಇವುಗಳನ್ನು ಹತ್ತಿರ ಸೇರಿಸಬೇಡಿ. ಪಿನ್ನಿನ ಮೇಲಿರುವ ಚಿನ್ನದ ಲೇಪ ಒಮ್ಮೆ ಹೋದರೆ ಹೋಯಿತು.

ಅಷ್ಟಾದರೂ ಕಪ್ಪೇ ಆದರೆ ಬೇರೊಂದು ಕಾರ್ಟ್ರಿಜ್ ಹಾಕಿ ನೋಡಿ. ಬೇರೆಯದು ಬಂದರೆ ತಪ್ಪು ರೋಬೋಟ್ರೆಕ್‌ನದು, ಅದೂ ಬರದಿದ್ದರೆ ಕನ್ಸೋಲ್‌ನದು. ಎರವಲು ತಂದ ಒಂದು ಕಾರ್ಟ್ರಿಜ್ ಇಲ್ಲಿ ಸಾವಿರ ರೂಪಾಯಿಯ ಉಪಕರಣಕ್ಕಿಂತ ಹೆಚ್ಚು ಹೇಳುತ್ತದೆ. ಒಂದೇ ಎಚ್ಚರಿಕೆ: 'ಸ್ಟಾರ್ ಫಾಕ್ಸ್'ನಂಥ ಆಟಗಳೊಳಗೆ ಹೆಚ್ಚುವರಿ ಚಿಪ್ ಇದ್ದು ಅವು ಸ್ಲಾಟಿನ ಅಂಚಿನ ಪಿನ್ನುಗಳನ್ನೂ ಬಳಸುತ್ತವೆ. ರೋಬೋಟ್ರೆಕ್‌ನಲ್ಲಿ ಅಂಥದ್ದಿಲ್ಲ, ಆದ್ದರಿಂದ ಹೋಲಿಕೆಗೂ ಸಾದಾ ಕಾರ್ಟ್ರಿಜ್ಜೇ ಇರಲಿ.

ದೇಶದ ವಿಷಯವೂ ಇಲ್ಲೇ ಬರುತ್ತದೆ. ಯೂರೋಪಿನ ಕನ್ಸೋಲ್‌ನ ಬೀಗದ ಚಿಪ್ ಬೇರೆ, ಅಮೆರಿಕದ ಕಾರ್ಟ್ರಿಜ್ಜನ್ನು ಅದು ಒಪ್ಪುವುದಿಲ್ಲ. ಜಪಾನ್ ಮತ್ತು ಅಮೆರಿಕದ ಬೀಗ ಒಂದೇ, ಆದರೆ ಪ್ಲಾಸ್ಟಿಕ್ಕಿನ ಆಕಾರ ಬೇರೆ. 'ಸ್ಲ್ಯಾಪ್‌ಸ್ಟಿಕ್' ಕಾರ್ಟ್ರಿಜ್ ಅಮೆರಿಕದ ಕನ್ಸೋಲ್‌ಗೆ ಹೋಗುತ್ತಿಲ್ಲ ಅಂದರೆ ಸ್ಲಾಟಿನೊಳಗಿನ ಎರಡು ಪುಟ್ಟ ಪ್ಲಾಸ್ಟಿಕ್ ಗೂಟಗಳು ಅಡ್ಡ ನಿಂತಿವೆ ಅಂತ ಅರ್ಥ. ಒತ್ತಿ ತುರುಕಬೇಡಿ.

ಎಲ್ಲ ಕಾರ್ಟ್ರಿಜ್‌ಗೂ ಕಪ್ಪು ಪರದೆಯೇ ಆದರೆ, ಧ್ವನಿಯ ಭಾಗವೂ ಕಾರಣ ಇರಬಹುದು. ವಿಚಿತ್ರ ಅನ್ನಿಸುತ್ತದೆ, ಆದರೆ ಲೆಕ್ಕ ಸರಿಯಾಗಿದೆ: ಸೂಪರ್ ನಿಂಟೆಂಡೊದಲ್ಲಿ ಶಬ್ದಕ್ಕೆ ಬೇರೆಯೇ ಪ್ರೊಸೆಸರ್ ಇದೆ, ಬಹುತೇಕ ಆಟಗಳು ಶುರುವಾಗುವಾಗ ಅದರ ಉತ್ತರಕ್ಕೆ ಕಾಯುತ್ತವೆ. ಉತ್ತರ ಬರಲಿಲ್ಲವೋ, ಕಾಯುತ್ತಲೇ ಇರುತ್ತವೆ. ಇದು ಮನೆಯಲ್ಲಿ ಬಿಚ್ಚಿ ನೋಡುವ ಕೆಲಸ ಅಲ್ಲ.

ಚಿತ್ರ ಬರುತ್ತದೆ, ಬಣ್ಣ ಇಲ್ಲ. ಅಥವಾ ಮೇಲಿಂದ ಕೆಳಗೆ ಓಡುತ್ತದೆ

ಹಳೆಯ ಡಬ್ಬಾ ಟಿವಿಯಲ್ಲಿ ಆಡುವ ಆಸೆ ಇರುವವರಿಗೆ ಇದು. ನಮ್ಮ ಟಿವಿಗಳು ಪಾಲ್ ಪದ್ಧತಿಯವು, ಅಮೆರಿಕ ಮತ್ತು ಜಪಾನಿನದು ಎನ್‌ಟಿಎಸ್‌ಸಿ. ಪಾಲ್ ಮಾತ್ರ ಬಲ್ಲ ಟಿವಿ ರೋಬೋಟ್ರೆಕ್ಕನ್ನು ಕಪ್ಪು-ಬಿಳುಪಿನಲ್ಲಿ ತೋರಿಸುತ್ತದೆ, ಇಲ್ಲವೇ ಚಿತ್ರ ನಿಲ್ಲದೆ ಓಡುತ್ತದೆ. ಆಂಟೆನಾ ತಂತಿಯಲ್ಲಿ ಜೋಡಿಸಿದರೆ ಶಬ್ದವೂ ಬರದೆ ಇರಬಹುದು. ಏನೂ ಕೆಟ್ಟಿಲ್ಲ, ಟಿವಿ ಮೆನುವಿನಲ್ಲಿ 'ಕಲರ್ ಸಿಸ್ಟಮ್' ಅನ್ನು 'ಆಟೋ'ಗೆ ಇಟ್ಟು, ಎವಿ ಕೇಬಲ್ ಬಳಸಿ. ಡಬ್ಬಾ ಟಿವಿಯ ಹಿಂಬದಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಕೂತಿರುತ್ತದೆ.

ಪರದೆಯ ನಟ್ಟನಡುವೆ ಮಸುಕಾದ ಒಂದು ನಿಂತ ಗೆರೆ ಕಂಡರೆ ಅದು ಈ ಕನ್ಸೋಲ್‌ನ ಹಳೆಯ ಮಾದರಿಗಳ ಹುಟ್ಟುಗುಣ. ಬಿಟ್ಟುಬಿಡಿ.

ಅಕ್ಷರ ಕಲಸಿಹೋಗಿದೆ, ಮನೆ ಮರಗಳು ಚೂರುಚೂರಾಗಿವೆ

ರೋಬೋಟ್ರೆಕ್‌ನಲ್ಲಿ ಮಾತ್ರ ಹೀಗಾದರೆ ಮತ್ತೆ ಪಿನ್ನುಗಳನ್ನೇ ಒರೆಸಿ. ಚಿಪ್‌ನ ಯಾವ ಪುಟ ಬೇಕು ಅಂತ ಹೇಳುವ 'ವಿಳಾಸ'ದ ಪಿನ್ನುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೆ ಕನ್ಸೋಲ್ ಕೇಳಿದ ಪುಟವೇ ಬೇರೆ, ಸಿಗುವ ಪುಟವೇ ಬೇರೆ. ಎಲ್ಲ ಆಟಗಳಲ್ಲೂ ಒಂದೇ ಬಗೆಯ ಗೆರೆಗಳು, ಅಥವಾ ಎಲ್ಲದರಲ್ಲೂ ಪಾತ್ರಗಳೇ ಮಾಯ ಅಂದರೆ ಕನ್ಸೋಲ್‌ನ ಚಿತ್ರದ ಚಿಪ್ ಸೊರಗಿದೆ. ಅದಕ್ಕೆ ಮದ್ದಿಲ್ಲ, ಬೇರೆ ಕನ್ಸೋಲ್ ಹುಡುಕುವುದು ಅಗ್ಗ.

ಆಟ ಚೆನ್ನಾಗಿದೆ, ರೋಬೋ ಮಾತ್ರ ಸೋಲುತ್ತಲೇ ಇದೆ

ಇದನ್ನೂ ಯಂತ್ರದ ದೋಷ ಅಂತ ತಿಳಿದು ನನ್ನ ಹತ್ತಿರ ತಂದವರಿದ್ದಾರೆ. ಈ ಆಟದಲ್ಲಿ ಲೆವೆಲ್ ಏರುವುದು ಹುಡುಗನದು, ರೋಬೋದ್ದಲ್ಲ. ಏರಿದಾಗ ಸಿಗುವ ಅಂಕಗಳನ್ನು ನೀವೇ ರೋಬೋಗೆ ಹಂಚಬೇಕು: ಎನರ್ಜಿ, ಪವರ್, ಗಾರ್ಡ್, ಸ್ಪೀಡ್, ಚಾರ್ಜ್ ಅಂತ ಐದು ಬಾಬ್ತು. ಹಂಚುವುದನ್ನೇ ಮರೆತು ಮುಂದೆ ಹೋದವನ ರೋಬೋ ಹತ್ತು ಲೆವೆಲ್ ಆದ ಮೇಲೂ ಎಳೆಗೂಸೇ. ಎಲ್ಲವನ್ನೂ ಪವರ್‌ಗೆ ಸುರಿದರೆ ಹೊಡೆತವೇನೋ ಜೋರಾಗುತ್ತದೆ, ಆದರೆ ಎರಡು ಏಟಿಗೆ ಮಗುಚಿಕೊಳ್ಳುತ್ತದೆ. ಹಂಚಿದ್ದು ಶಾಶ್ವತ ಅಲ್ಲ, ಹಿಂದಕ್ಕೆ ಪಡೆದು ಬೇರೆ ರೀತಿ ಹಾಕಬಹುದು.

ಎರಡು ವಸ್ತು ಸೇರಿಸಿದರೂ ಏನೂ ಹುಟ್ಟುತ್ತಿಲ್ಲ ಅಂದರೆ ಜೋಡಿ ತಪ್ಪಿರಬೇಕು, ಇಲ್ಲವೇ ಹುಡುಗನ ಲೆವೆಲ್ ಇನ್ನೂ ಸಾಲದು. ಆಟದೊಳಗೆ ಸಿಗುವ ಪುಸ್ತಕಗಳನ್ನು ಓದದೆ ಮಾರಿಕೊಂಡವರ ಬಗ್ಗೆ ನನಗೆ ಕನಿಕರ ಇಲ್ಲ.

ಸೇವ್ ಉಳಿಯುತ್ತಿಲ್ಲ

ಗೆಳೆಯನ ಕಥೆಗೆ ಬಂದೆವು. ಈ ಕಾರ್ಟ್ರಿಜ್ ಸೇವ್ ಇಟ್ಟುಕೊಳ್ಳುವುದು ಒಂದು ಪುಟ್ಟ ಮೆಮೊರಿ ಚಿಪ್‌ನಲ್ಲಿ. ಕರೆಂಟ್ ಹೋದರೆ ಅದಕ್ಕೆ ಎಲ್ಲ ಮರೆತುಹೋಗುತ್ತದೆ. ಮರೆಯದಿರಲಿ ಅಂತ ಪಕ್ಕದಲ್ಲೊಂದು 3 ವೋಲ್ಟಿನ ಬಟನ್ ಸೆಲ್ ಹಗಲೂ ರಾತ್ರಿ ತೊಟ್ಟು ತೊಟ್ಟು ಕರೆಂಟ್ ಕುಡಿಸುತ್ತಿರುತ್ತದೆ. ಆಟಕ್ಕೆ ಆ ಸೆಲ್ ಬೇಕಿಲ್ಲ, ನೆನಪಿಗೆ ಬೇಕು. ಸೆಲ್ ಸತ್ತರೂ ಆಟ ಚೆಂದವಾಗಿ ನಡೆಯುವುದು ಅದಕ್ಕೇ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಮೂರು ಪರೀಕ್ಷೆ ಮಾಡಿ. ಇವಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೊದಲು, ಸೇವ್ ಮಾಡಿ ರೀಸೆಟ್ ಗುಂಡಿ ಮಾತ್ರ ಒತ್ತಿ. ಪವರ್ ಆಫ್ ಮಾಡಬೇಡಿ. ಆಗಲೇ ಸೇವ್ ಕಾಣದಿದ್ದರೆ ಸೆಲ್ಲಿನದು ತಪ್ಪಲ್ಲ, ಯಾಕೆಂದರೆ ಕರೆಂಟ್ ಹೋಗಿಯೇ ಇಲ್ಲ. ಪಿನ್ ಕೊಳೆಯಾಗಿದೆ ಅಥವಾ ಮೆಮೊರಿ ಚಿಪ್ಪೇ ಹೋಗಿದೆ. ಈ ಒಂದು ಪರೀಕ್ಷೆ ಮಾಡದೆ ಸೆಲ್ ಬದಲಿಸಿ, "ಹೊಸ ಸೆಲ್ಲೂ ಡೂಪ್ಲಿಕೇಟು" ಅಂತ ಅಂಗಡಿಯವನ ಮೇಲೆ ಹರಿಹಾಯ್ದವರನ್ನು ನೋಡಿದ್ದೇನೆ.

ರೀಸೆಟ್ ಆದ ಮೇಲೆ ಉಳಿದಿದ್ದರೆ, ಪವರ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹಚ್ಚಿ. ಆಗ ಹೋಗಿದ್ದರೆ ಸೆಲ್ ಪೂರ್ತಿ ಸತ್ತಿದೆ, ಇಲ್ಲವೇ ಅದರ ಕಾಲು ಬೋರ್ಡಿನಿಂದ ಬಿಟ್ಟಿದೆ. ಅದರಲ್ಲೂ ಉಳಿದರೆ ಒಂದು ರಾತ್ರಿ ಬಿಡಿ. ಬೆಳಗ್ಗೆ ಮಾಯವಾಗಿದ್ದರೆ ಸೆಲ್ ಕೊನೆಯುಸಿರಲ್ಲಿದೆ. ಗೆಳೆಯನದು ಈ ಮೂರನೆಯದು.

ಕಾರ್ಟ್ರಿಜ್ ಬಿಚ್ಚಲು 3.8 ಮಿಲಿಮೀಟರಿನ ಗೇಮ್‌ಬಿಟ್ ಅನ್ನುವ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕು, ಈ ಸ್ಕ್ರೂ ಸಾದಾದ್ದಲ್ಲ. ಕನ್ಸೋಲ್ ಬಿಚ್ಚಲು 4.5. ಪೆನ್ನಿನ ಪ್ಲಾಸ್ಟಿಕ್ ಕರಗಿಸಿ ಒತ್ತಿ ತಿರುಗಿಸುವ ಉಪಾಯ ಅಂತರ್ಜಾಲದಲ್ಲಿ ಸಿಗುತ್ತದೆ. ನಾನು ಮಾಡಿ ಸ್ಕ್ರೂ ತುಂಬ ಪ್ಲಾಸ್ಟಿಕ್ ಮೆತ್ತಿಕೊಂಡಿದ್ದೇನೆ. ಒಳಗೆ ಹಸಿರು ಬೋರ್ಡು, ಅದರ ಮೇಲೆ ಬೆಳ್ಳಿ ಬಿಲ್ಲೆಯಂಥ ಸೆಲ್, ಸಿಆರ್2032. ಮಲ್ಟಿಮೀಟರ್ ಡಿಸಿಗಿಟ್ಟು ಅದರ ಎರಡು ಮುಖ ಮುಟ್ಟಿ. ಮೂರರ ಆಸುಪಾಸು ಇದ್ದರೆ ಆರೋಗ್ಯ. 2.6ಕ್ಕಿಂತ ಕೆಳಗಿದ್ದರೆ ನಾನು ಬದಲಿಸುತ್ತೇನೆ. ಗೆಳೆಯನದು 1.9 ತೋರಿಸಿತು. ಮೂರು ವೋಲ್ಟ್ ಇದ್ದೂ ಸೇವ್ ಉಳಿಯದಿದ್ದರೆ ಸೆಲ್ಲಿನ ಕಾಲುಗಳ ಬುಡದಲ್ಲಿ ಹಸಿರು ಅಥವಾ ಬಿಳಿ ಹುಡಿ ಇದೆಯಾ ನೋಡಿ.

ಸೆಲ್ ತೆಗೆದ ಕೂಡಲೇ ಇದ್ದ ಸೇವ್ ಎಲ್ಲ ಹೋಗುತ್ತದೆ. ಉಳಿಸಬೇಕಾದ ಸೇವ್ ಇನ್ನೂ ಇದ್ದರೆ, ಕಾರ್ಟ್ರಿಜ್ ರೀಡರ್ ಇರುವ ಯಾರಿಂದಲಾದರೂ ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕನ್ಸೋಲ್ ಚಾಲೂ ಇಟ್ಟು ಸೆಲ್ ಬದಲಿಸುವ ಸಾಹಸ ತೋರಿಸುವವರಿದ್ದಾರೆ. ಬೆಸುಗೆ ಒಂದು ಹನಿ ಆಚೀಚೆ ಬಿದ್ದರೆ ಸೇವ್ ಜೊತೆ ಆಟವೂ ಹೋಗುತ್ತದೆ, ನಾನಂತೂ ಮಾಡುವುದಿಲ್ಲ.

ಹೊಸ ಸೆಲ್ ಕೊಳ್ಳುವಾಗ ಕಾಲು ಬೆಸೆದಿರುವುದನ್ನೇ ಕೇಳಿ. ಅಂಗಡಿಯಲ್ಲಿ 'ಟ್ಯಾಬ್ ಇರೋ ಸೆಲ್' ಅಂದರೆ ಕೊಡುತ್ತಾರೆ. ಸಾದಾ ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬಾರದು, ಲಿಥಿಯಂ ಸೆಲ್ ಕಾದರೆ ಸಿಡಿಯಬಹುದು. ಹೊಸ ಸೆಲ್ಲನ್ನು ಹಳೆಯ ಕಾಲುಗಳಿಗೆ ಸೆಲೋಟೇಪ್‌ನಲ್ಲಿ ಅಂಟಿಸಿಡುವುದೂ ಬೇಡ, ಎರಡು ತಿಂಗಳಲ್ಲಿ ಟೇಪ್ ಸಡಿಲವಾಗಿ ಮತ್ತೆ ಇದೇ ಅಳು. ಬೋರ್ಡಿನ ಮೇಲೆ ಪ್ಲಸ್ ಗುರುತು ಎಲ್ಲಿದೆ ಅಂತ ಬಿಚ್ಚುವ ಮೊದಲೇ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಹಳೆಯ ಕಾಲು ಎಳೆಯುವಾಗ ಬೆಸುಗೆ ಪೂರ್ತಿ ಕರಗಿರಬೇಕು. ಬರಲಿಲ್ಲ ಅಂತ ಕಿತ್ತರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬರುತ್ತದೆ. ಎರಡು ಸಲ ಪ್ರಯತ್ನಿಸಿಯೂ ಸಡಿಲಾಗದಿದ್ದರೆ ಕೈ ತೆಗೆಯಿರಿ. ಮೊಬೈಲ್ ರಿಪೇರಿ ಮಾಡುವವರಿಗೆ ಇದು ಐದು ನಿಮಿಷದ ಕೆಲಸ.

ತೆಗೆದ ಸೆಲ್ಲಿಗೆ ಎರಡೂ ಕಡೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಹಾಕಿ, ಮೇಜಿನ ಮೇಲೆ ಬಿಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಬರೀ ಮಾತಲ್ಲ: ನುಂಗಿದ ಬಟನ್ ಸೆಲ್ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ನೋವು ಬರಲಿ ಅಂತ ಕಾಯದೆ ನೇರ ಆಸ್ಪತ್ರೆಗೆ ಓಡಿ.

ಬಿಚ್ಚಿದರೆ ಒಳಗೆ ಸೆಲ್ಲೇ ಇಲ್ಲ

ಹಾಗಾದರೆ ಕೈಯಲ್ಲಿರುವುದು 1994ರ ಕಾರ್ಟ್ರಿಜ್ ಅಲ್ಲ, ಈಚೆಗೆ ಯಾರೋ ಮಾಡಿದ ನಕಲು. ಲೇಬಲ್ ಹೊಸದರಂತೆ ಹೊಳೆಯುತ್ತಿದ್ದರೆ, ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿಲ್ಲದಿದ್ದರೆ, ಚಿಪ್ ಇರಬೇಕಾದಲ್ಲಿ ಕಪ್ಪು ಅಂಟಿನ ಗುಪ್ಪೆ ಇದ್ದರೆ ಅನುಮಾನವೇ ಬೇಡ. ಇಂಥವುಗಳ ಸೇವ್ ತೊಂದರೆಗೆ ಮೇಲಿನ ಯಾವ ಪರೀಕ್ಷೆಯೂ ಅನ್ವಯಿಸದು. ಅಸಲಿ ಬೆಲೆ ಕೊಟ್ಟಿದ್ದರೆ ಮಾರಿದವರ ಹತ್ತಿರ ಹಣ ವಾಪಸ್ ಕೇಳಿ, ರಿಪೇರಿಗೆ ಇನ್ನಷ್ಟು ಸುರಿಯಬೇಡಿ.

ಗೆಳೆಯನದು ಅಸಲಿಯೇ ಆಗಿತ್ತು. ಸೆಲ್ ಬದಲಿಸಿ, ಹೊಸದಾಗಿ ಒಂದು ಸೇವ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿದೆವು, ಉಳಿದಿತ್ತು. ಈಗ ಮತ್ತೆ ರೊಕೊಕೊದಿಂದ ಶುರು ಮಾಡಿದ್ದಾನೆ, ಈ ಸಲ ಗಾರ್ಡ್‌ಗೆ ಮೊದಲು ಅಂಕ ಹಾಕುತ್ತಿದ್ದಾನಂತೆ.